ಅಭ್ಯಂಗ ಎಂಬ ಮಾತಿಗೆ ಹೆದರುವುದೇಕೆ?

ನಮ್ಮ ಮನೆಗಳಲ್ಲಿ ಅಭ್ಯಂಗ, ಅಭ್ಯಂಜನ ಎಂದರೆ ಎಣ್ಣೆನೀರು. ಹುಟ್ಟಿದ ಮಗುವಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಾರೆ. ಬಾಣಂತಿಯ ಸೊಂಟಕ್ಕೆ ಬಲ ಬರಲೆಂದು ಎಣ್ಣೆ ಹಚ್ಚುತ್ತಾರೆ. ಮೈಕೈ ನೋವೆಂದವರಿಗೆ ಅಜ್ಜಿಯರು ಹೇಳುತ್ತಿದ್ದ ಮೊದಲ ಮದ್ದೂ ಅದೇ. ಆದರೆ ಇದೇ ಮಾತು ಒಂದು ಸಂಸ್ಕಾರದ ಹೆಸರಾದಾಗ ಕೇಳಿದವರ ಮುಖ ಬಾಡುತ್ತದೆ. "ಅಭ್ಯಂಗಕ್ಕೆ ಸ್ವಾಮಿಯವರನ್ನು ಕರೆಸಿದ್ದಾರಂತೆ" ಎಂದು ಓಣಿಯಲ್ಲಿ ಸುದ್ದಿಯಾದರೆ, ಇನ್ನು ಮುಗಿಯಿತು ಎಂದೇ ಜನ ತಿಳಿಯುತ್ತಾರೆ.

ಮೊದಲು ಹೀಗಿರಲಿಲ್ಲ. ಪ್ರೇಷಿತರು ಅನೇಕ ರೋಗಿಗಳಿಗೆ ಎಣ್ಣೆ ಹಚ್ಚಿ ಗುಣಪಡಿಸಿದರೆಂದು ಸಂತ ಮಾರ್ಕನ ಶುಭಸಂದೇಶ ತಿಳಿಸುತ್ತದೆ. ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ ಎಂದು ಯಕೋಬನ ಪತ್ರ ಹೇಳುತ್ತದೆ. ಸಾಯುವವನು ಎಂಬ ಮಾತು ಅಲ್ಲಿಲ್ಲ. ಕ್ರಿ.ಶ. 416ರಲ್ಲಿ ಪೋಪ್ ಒಂದನೆಯ ಇನ್ನೊಸೆಂಟರು ಬರೆದ ಪತ್ರವೊಂದರಿಂದ, ಬಿಷಪರು ಆಶೀರ್ವದಿಸಿದ ಎಣ್ಣೆಯನ್ನು ಆಗ ಸಾಮಾನ್ಯ ವಿಶ್ವಾಸಿಗಳೂ ತಮ್ಮ ಮತ್ತು ಮನೆಯವರ ಕಾಯಿಲೆಗೆ ಬಳಸುತ್ತಿದ್ದರೆಂದು ತಿಳಿಯುತ್ತದೆ. ಮಧ್ಯಯುಗದಲ್ಲಿ ಅದು ಮರಣಶಯ್ಯೆಯ ಪಾಪನಿವೇದನೆಯೊಂದಿಗೆ ಬೆಸೆದುಕೊಂಡು ದಿನದಿನಕ್ಕೆ ತಡವಾಗುತ್ತಾ ಹೋಯಿತು. ಹೆಸರೂ ಅಂತ್ಯಾಭ್ಯಂಗ ಎಂದಾಯಿತು. ಕಣ್ಣು, ಕಿವಿ, ಮೂಗು, ಬಾಯಿ, ಕೈಕಾಲುಗಳಿಗೆ ಎಣ್ಣೆ ಹಚ್ಚಿ ಆಯಾ ಇಂದ್ರಿಯದಿಂದಾದ ಪಾಪಕ್ಕೆ ಕ್ಷಮೆ ಬೇಡುವುದೇ ವಿಧಿಯ ಮುಖ್ಯ ಭಾಗವಾಯಿತು.

1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಇದನ್ನು ತಿದ್ದಿತು. ಇದನ್ನು ವ್ಯಾಧಿಸ್ಥರ ಅಭ್ಯಂಗ ಎಂದು ಕರೆಯುವುದೇ ಹೆಚ್ಚು ಸೂಕ್ತ, ಇದು ಸಾವಿನ ಅಂಚಿನಲ್ಲಿರುವವರಿಗೆ ಮಾತ್ರ ಮೀಸಲಲ್ಲ ಎಂದು ಸಾರಿತು. 1972ರಲ್ಲಿ ಪೋಪ್ ಆರನೆಯ ಪೌಲರು ವಿಧಿಯನ್ನೇ ಹೊಸದಾಗಿಸಿದರು. ಈಗ ಹಣೆಗೆ ಮತ್ತು ಕೈಗಳಿಗೆ ಮಾತ್ರ ಎಣ್ಣೆ ಹಚ್ಚುತ್ತಾರೆ. ಆಲಿವ್ ಎಣ್ಣೆ ಸಿಗದ ಕಡೆ ಗಿಡಮರಗಳಿಂದ ಬಂದ ಬೇರೆ ಎಣ್ಣೆಯೂ ಆದೀತು. ನಮ್ಮ ತೆಂಗಿನೆಣ್ಣೆಗೂ ಎಳ್ಳೆಣ್ಣೆಗೂ ಹೀಗೆ ಅವಕಾಶವಾಯಿತೆಂಬುದು ನನಗೆ ಸಂತೋಷದ ಸಂಗತಿ. ಹೆಸರು ಬದಲಾಗಿ ಅರ್ಧ ಶತಮಾನ ಕಳೆದರೂ ಹೆದರಿಕೆ ಮಾತ್ರ ಬದಲಾಗಿಲ್ಲ.

ಇಲ್ಲಿ ಪ್ರತಿಯೊಂದು ಕುಟುಂಬವೂ ಒಂದಲ್ಲ ಒಂದು ದಿನ ಎದುರಿಸುವ ಪ್ರಶ್ನೆಯಿದೆ. ತಂದೆಗೆ ವಾಸಿಯಾಗದ ಕಾಯಿಲೆ ಎಂದು ಡಾಕ್ಟರರು ಮಗನನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ. ಮಗ ತಾಯಿಗೆ ಹೇಳುತ್ತಾನೆ, ತಾಯಿ ಅಳಿಯನಿಗೆ. ಮನೆಮಂದಿಗೆಲ್ಲ ಗೊತ್ತು, ಹಾಸಿಗೆಯಲ್ಲಿರುವವರಿಗೆ ಮಾತ್ರ ಗೊತ್ತಿಲ್ಲ. "ಈಗ ಗುರುಗಳನ್ನು ಕರೆಸಿದರೆ ಅಪ್ಪ ಧೈರ್ಯ ಕಳೆದುಕೊಳ್ಳುತ್ತಾರೆ, ಆಮೇಲೆ ನೋಡೋಣ" ಎಂದು ತೀರ್ಮಾನವಾಗುತ್ತದೆ. ಹೀಗೆ ಹೇಳುವವರಿಗೆ ಭಕ್ತಿ ಕಡಿಮೆಯೆಂದು ದೂರುವುದು ಅನ್ಯಾಯ. ಅದು ಪ್ರೀತಿಯಿಂದಲೇ ಬಂದ ಮಾತು. ಎಲ್ಲ ಸತ್ಯವನ್ನೂ ಒಂದೇ ಉಸಿರಿಗೆ ಹೇಳಿಬಿಡಬೇಕೆಂಬ ನಿಯಮವೂ ಇಲ್ಲ. ರೋಗಿ ಎಷ್ಟು ಕೇಳುತ್ತಾನೋ ಅಷ್ಟೇ ಹೇಳುವುದರಲ್ಲಿ ವಿವೇಕವಿದೆ.

ಆದರೂ ಕೇಳಲೇಬೇಕು: ನಿಜವಾಗಿ ಹೆದರಿರುವವರು ಯಾರು? ಹಾಸಿಗೆ ಹಿಡಿದವರು ಸುತ್ತಲಿನ ಮುಖಗಳನ್ನು ಬಹಳ ಚೆನ್ನಾಗಿ ಓದುತ್ತಾರೆ. ಬಾಗಿಲಾಚೆ ಪಿಸುಗುಟ್ಟುವುದು ಅವರಿಗೆ ಕೇಳಿಸುತ್ತದೆ. ಮಕ್ಕಳಿಗೆ ನೋವಾಗಬಾರದೆಂದು ಅವರೂ ಗೊತ್ತಿಲ್ಲದಂತೆ ನಟಿಸುತ್ತಾರೆ. ಹೀಗೆ ಇಬ್ಬರೂ ಪರಸ್ಪರರನ್ನು ಕಾಪಾಡಲು ಹೋಗಿ, ಒಂದೇ ಕೋಣೆಯಲ್ಲಿ ಒಬ್ಬೊಬ್ಬರೇ ಆಗಿಬಿಡುತ್ತಾರೆ. ಕೊನೆಗೆ ಗುರುಗಳು ಬರುವಾಗ ಪ್ರಜ್ಞೆ ಇರುವುದಿಲ್ಲ. ಪ್ರಜ್ಞೆಯಿಲ್ಲದವರಿಗೂ ಅಭ್ಯಂಗ ಸಿಗುತ್ತದೆ, ಅದು ವ್ಯರ್ಥವಲ್ಲ. ಆದರೆ ಪಾಪನಿವೇದನೆ ಮಾಡುವ, ಪ್ರಾರ್ಥನೆಗೆ ಆಮೆನ್ ಎನ್ನುವ, ಮುನಿಸಿಕೊಂಡ ತಮ್ಮನನ್ನು ಕರೆಸಿ ಮಾತಾಡುವ ಗಳಿಗೆಗಳು ಕೈತಪ್ಪಿರುತ್ತವೆ. ಧೈರ್ಯ ಕುಂದಬಾರದೆಂದು ನಾವು ತಡೆದದ್ದು ಧೈರ್ಯ ಕೊಡುವ ಸಂಸ್ಕಾರವನ್ನೇ.

ಹಾಗಾದರೆ ಎಣ್ಣೆ ಹಚ್ಚಿದ ಮಾತ್ರಕ್ಕೆ ಕಾಯಿಲೆ ಹೋಗುತ್ತದೆಯೇ? ಹೋಗಬಹುದು, ಹೋಗದಿರಬಹುದು. ಯಕೋಬನ ಪತ್ರದ ಗ್ರೀಕ್ ಮೂಲದಲ್ಲಿ ಪ್ರಾರ್ಥನೆ ರೋಗಿಗೆ ಏನು ಮಾಡುತ್ತದೆಂದು ಹೇಳಲು ಬಳಸಿರುವ ಮಾತಿಗೆ ರಕ್ಷಿಸು, ಗುಣಪಡಿಸು ಎಂಬ ಎರಡೂ ಅರ್ಥಗಳಿವೆ. ಮುಂದೆಯೇ ಪ್ರಭು ಅವನನ್ನು ಎಬ್ಬಿಸುವರು ಎಂಬರ್ಥದ ಮಾತು ಬರುತ್ತದೆ. ಪೇತ್ರನ ಅತ್ತೆಯನ್ನು ಯೇಸುಸ್ವಾಮಿ ಜ್ವರದ ಹಾಸಿಗೆಯಿಂದ ಎಬ್ಬಿಸಿದ್ದಕ್ಕೂ, ಸ್ವಾಮಿಯೇ ಸಮಾಧಿಯಿಂದ ಎದ್ದದ್ದಕ್ಕೂ ಶುಭಸಂದೇಶದಲ್ಲಿ ಅದೇ ಕ್ರಿಯಾಪದ. ನಮ್ಮ ಕನ್ನಡದ 'ಎಬ್ಬಿಸು' ಕೂಡ ಈ ಎರಡಕ್ಕೂ ಸಲ್ಲುತ್ತದೆ. ಯಾವ ಎಬ್ಬಿಸುವಿಕೆ ಎಂಬುದನ್ನು ದೇವರಿಗೆ ಬಿಟ್ಟು ಧರ್ಮಸಭೆ ಬೇಡಿಕೊಳ್ಳುತ್ತದೆ. ಗುಳಿಗೆ ಬಿಟ್ಟು ಎಣ್ಣೆಯನ್ನೇ ನಂಬಿ ಎಂದು ಅದು ಹೇಳುವುದಿಲ್ಲ. ವೈದ್ಯನನ್ನು ಗೌರವಿಸಬೇಕು, ಮದ್ದನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಬೋಧಿಸುತ್ತದೆ.

ಮದ್ದು ಸೋತ ಮೇಲೂ ಉಳಿಯುವ ಕೆಲಸಕ್ಕೆ ಕನ್ನಡದಲ್ಲಿ ಶುಶ್ರೂಷೆ ಎನ್ನುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಕೇಳುವ ಬಯಕೆ. ಹೇಳಿದ್ದನ್ನು ಕೇಳಲು ಸಿದ್ಧನಾಗಿ ಹತ್ತಿರವಿರುವುದು ಎಂಬುದರಿಂದ ಸೇವೆ, ಆರೈಕೆ ಎಂಬ ಅರ್ಥ ಬಂತು. ಆಸ್ಪತ್ರೆಯ ಹಣ್ಣಿನ ಚೀಲದೊಂದಿಗೆ ಹೋಗಿ ನಾವೇ ಅರ್ಧ ಗಂಟೆ ಮಾತಾಡಿ ಬರುತ್ತೇವಲ್ಲ, ಅದಕ್ಕೆ ಈ ಹೆಸರು ಸಲ್ಲದು. ಅಭ್ಯಂಗದ ವಿಧಿಯಲ್ಲಿ ಗುರುಗಳು ಎಣ್ಣೆ ಹಚ್ಚುವ ಮೊದಲು ರೋಗಿಯ ತಲೆಯ ಮೇಲೆ ಕೈಯಿಟ್ಟು ಮೌನವಾಗಿ ನಿಲ್ಲುತ್ತಾರೆ. ಅಷ್ಟು ಹೊತ್ತು ಯಾರೂ ಏನನ್ನೂ ವಿವರಿಸುವುದಿಲ್ಲ.

ಕಡೆಯ ಸಂಸ್ಕಾರ ಎನ್ನಬೇಕಾದದ್ದು ಬೇರೆಯೇ ಇದೆ. ಸಾಯುವವರಿಗೆ ಕೊಡುವ ಪರಮಪ್ರಸಾದ ಅದು. ಅದರ ಲ್ಯಾಟಿನ್ ಹೆಸರನ್ನು ಕನ್ನಡಿಸಿದರೆ ದಾರಿಬುತ್ತಿ. ಅಭ್ಯಂಗ ಅದಕ್ಕಿಂತ ಬಹಳ ಮೊದಲೇ ಬರಬೇಕಾದದ್ದು. ಗಂಭೀರ ಕಾಯಿಲೆಯಿಂದ ದೊಡ್ಡ ಆಪರೇಷನ್ ಆಗಬೇಕಾದವರು, ಮುಪ್ಪಿನಿಂದ ತೀರ ನಿಶ್ಶಕ್ತರಾದವರು ಇದನ್ನು ಪಡೆಯಬಹುದು. ಗುಣವಾಗಿ ಮತ್ತೆ ಗಂಭೀರ ಕಾಯಿಲೆ ಬಿದ್ದರೆ ಮತ್ತೆ ಪಡೆಯಬಹುದು.

ಮನೆಯಲ್ಲಿ ಸಿದ್ಧಮಾಡುವುದು ಹೆಚ್ಚೇನಿಲ್ಲ. ಒಂದು ಮೇಜು, ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ. ಏಳಲು ಸಾಧ್ಯವಾದರೆ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ. ಮೊಮ್ಮಕ್ಕಳನ್ನು ಆಡಲು ಹೊರಗೆ ಕಳಿಸಬೇಡಿ, ಅವರೂ ಹತ್ತಿರ ನಿಂತು ನೋಡಲಿ.