ಬಾಲ ಅಲ್ಲಾಡಿಸದ ಜೀವಿ



ನಾಯಿಯನ್ನು ಸಾಕುವುದರಲ್ಲಿ ಒಂದು ಕೊಡುಕೊಳ್ಳುವಿಕೆ ಇದೆ. ನಾವು ಅನ್ನ ಹಾಕುತ್ತೇವೆ, ಅದು ಬಾಗಿಲಲ್ಲಿ ಕಾದು ಬಾಲ ಅಲ್ಲಾಡಿಸುತ್ತದೆ. ಹಸು ಹಾಲು ಕೊಡುತ್ತದೆ, ಬೆಕ್ಕು ಮಡಿಲೇರಿ ಮಲಗುತ್ತದೆ, ಗಿಳಿ ಮನೆಯವರ ಹೆಸರು ಹಿಡಿದು ಕೂಗುತ್ತದೆ. ಪ್ರಾಣಿದಯೆಯ ಬಗ್ಗೆ ಮಾತನಾಡುವಾಗ ನಮ್ಮ ಮನಸ್ಸಿನಲ್ಲಿ ಸುಳಿಯುವುದು ಇಂತಹ ಪ್ರಾಣಿಗಳೇ. ಆದರೆ ನಮ್ಮನ್ನು ಗುರುತಿಸದ, ಕೃತಜ್ಞತೆ ತೋರದ, ನೋಡಿದರೆ ಮೈ ಜುಮ್ಮೆನ್ನಿಸುವ ಜೀವಿಯೊಂದು ನಮ್ಮ ವಶದಲ್ಲಿದ್ದರೆ ಅದಕ್ಕೆ ನಾವು ಸಲ್ಲಿಸಬೇಕಾದುದೇನು? ಪ್ರೀತಿ ಮರಳಿ ಬಾರದ ಕಡೆ ಹೊಣೆಯೂ ಇಲ್ಲವೇ?

ಈ ಪ್ರಶ್ನೆಯನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸೋಣ. ಅಮೆರಿಕ ಮತ್ತು ಯುರೋಪಿನ ಅನೇಕ ಮನೆಗಳಲ್ಲಿ ಟರಾಂಟುಲಾ ಎಂಬ ದೊಡ್ಡ ಜೇಡವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ರೂಢಿ ಇದೆ. ಅಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಕ್ಕಳಿಗೂ ಇದು ಅಪರಿಚಿತವಲ್ಲ. ಅವುಗಳಲ್ಲಿ ಹೆಸರಾದುದು ಮೆಕ್ಸಿಕೋ ದೇಶದ ಪೆಸಿಫಿಕ್ ಕರಾವಳಿಯ ಕೆಂಪು ಮಂಡಿಯ ಟರಾಂಟುಲಾ. ಕಪ್ಪು ಮೈ, ಕಾಲಿನ ಕೀಲುಗಳಲ್ಲಿ ಕಿತ್ತಳೆಗೆಂಪು ಪಟ್ಟಿ, ಕಾಲು ಚಾಚಿದರೆ ಸುಮಾರು 15 ಸೆಂಟಿಮೀಟರ್ ಅಗಲ. ಗಂಡು ಕೆಲವೇ ವರ್ಷ ಬದುಕಿದರೆ ಹೆಣ್ಣು 20 ವರ್ಷಕ್ಕೂ ಮಿಕ್ಕಿ ಬಾಳುತ್ತದೆ.

ಇದರ ಹೆಸರಿನಲ್ಲೇ ಮನುಷ್ಯನ ಭಯದ ಕತೆಯೊಂದಿದೆ. ಟರಾಂಟುಲಾ ಎಂಬ ಮಾತು ಇಟಲಿಯ ಟಾರಾಂಟೋ ಪಟ್ಟಣದಿಂದ ಬಂದುದು. ಅಲ್ಲಿನ ಒಂದು ಬಗೆಯ ಜೇಡ ಕಚ್ಚಿದರೆ ವಿಷವಿಳಿಯುವ ತನಕ ಕುಣಿಯಬೇಕು ಎಂಬ ನಂಬಿಕೆ ಆ ಸೀಮೆಯಲ್ಲಿ ಶತಮಾನಗಳ ಕಾಲ ಇತ್ತು. ಟಾರಂಟೆಲ್ಲಾ ಎಂಬ ನೃತ್ಯದ ಹೆಸರೂ ಅಲ್ಲಿಯದೇ. ಆ ಜೇಡದ ಕಡಿತ ಅಷ್ಟೇನೂ ಅಪಾಯಕಾರಿಯಲ್ಲವೆಂದು ಆಮೇಲೆ ತಿಳಿದುಬಂದಿತು. ಹೆಸರು ಮಾತ್ರ ಅಮೆರಿಕ ಖಂಡದ ಬೇರೆಯೇ ಕುಲದ ಜೇಡಗಳಿಗೆ ಅಂಟಿಕೊಂಡಿತು, ಹೆಸರಿನೊಂದಿಗೆ ಭಯವೂ ಅಂಟಿಕೊಂಡಿತು. ಮೆಕ್ಸಿಕೋದ ಈ ಜೇಡದ ವಿಷ ಮನುಷ್ಯನಿಗೆ ಸೌಮ್ಯವಾದುದು. ಬೆದರಿದಾಗ ಅದು ಹಿಂಗಾಲಿನಿಂದ ಹೊಟ್ಟೆಯ ಮೇಲಿನ ರೋಮಗಳನ್ನು ಉದುರಿಸುತ್ತದೆ. ಅವು ಚರ್ಮಕ್ಕೆ ತಾಗಿದರೆ ತುರಿಕೆ, ಕಣ್ಣಿಗೆ ಬಿದ್ದರೆ ಹಾನಿ. ದೂರವಿರಿ ಎಂದು ಹೇಳುವ ಅದರ ಭಾಷೆ ಅದು.

ಇಂತಹ ಜೀವಿಯನ್ನು ಆರೋಗ್ಯವಾಗಿಡಲು ಏನು ಬೇಕು? ಇಲ್ಲಿ ನಮ್ಮ ಒಳ್ಳೆಯ ಮನಸ್ಸೇ ನಮ್ಮನ್ನು ದಾರಿ ತಪ್ಪಿಸುವ ಸಂಭವವಿದೆ. ವಿಶಾಲವಾದ, ಎತ್ತರವಾದ ಮನೆ ನಮಗೆ ಇಷ್ಟ. ನೆಲದಲ್ಲಿ ಬಾಳುವ ಈ ಜೇಡಕ್ಕೆ ಎತ್ತರವೇ ಮೃತ್ಯು. ಅದರ ಹೊಟ್ಟೆಯ ಚರ್ಮ ಎಷ್ಟು ತೆಳುವೆಂದರೆ, ಗಾಜಿನ ಗೋಡೆ ಹತ್ತಿ ಕೆಳಗೆ ಬಿದ್ದರೆ ಅದು ಒಡೆದುಹೋಗಬಹುದು. ಆದ್ದರಿಂದ ಮಣ್ಣಿನ ಮೇಲ್ಮೈಯಿಂದ ಮುಚ್ಚಳದವರೆಗಿನ ಎತ್ತರ, ಚಾಚಿದ ಕಾಲುಗಳ ಅಗಲದ ಒಂದೂವರೆ ಪಟ್ಟನ್ನು ಮೀರಬಾರದೆಂದು ಅನುಭವಿಗಳು ಹೇಳುತ್ತಾರೆ. ಪೆಟ್ಟಿಗೆಯ ಉದ್ದ ಆ ಅಗಲದ ಮೂರು ಪಟ್ಟಿದ್ದರೆ ಸಾಕು. ಒಳಗೆ ಬಿಲ ತೋಡುವಷ್ಟು ದಪ್ಪಕ್ಕೆ, ಕಡಿಮೆಯೆಂದರೂ 10 ಸೆಂಟಿಮೀಟರ್, ಮಣ್ಣನ್ನೋ ತೆಂಗಿನ ನಾರಿನ ಪುಡಿಯನ್ನೋ ಒತ್ತಿ ತುಂಬಬೇಕು. ಅಡಗಲು ಒಂದು ಮರದ ತೊಗಟೆ, ಕುಡಿಯಲು ಒಂದು ಚಿಕ್ಕ ತಟ್ಟೆ ನೀರು ಇರಬೇಕು. ಚೂಪಾದ ಅಲಂಕಾರದ ಕಲ್ಲುಗಳು ನಮ್ಮ ಕಣ್ಣಿಗೆ ಚೆಂದ. ಬಿದ್ದ ಜೇಡಕ್ಕೆ ಅವು ಚೂರಿಗಳು.

ಚಳಿಯಾದೀತೆಂದು ಕೆಲವರು ಬಿಸಿ ದೀಪ ಹಚ್ಚಿಡುತ್ತಾರೆ. ಅದರಿಂದ ಜೇಡದ ಮೈಯ ನೀರಿನಂಶ ಆರಿಹೋಗುತ್ತದೆ. ಮನುಷ್ಯರಿಗೆ ಹಿತವಾದ ಕೋಣೆಯ ಶಾಖವೇ ಅದಕ್ಕೂ ಸಾಕು, ನೇರ ಬಿಸಿಲು ಬೀಳಬಾರದು. ತೇವ ಬೇಕೆಂದು ದಿನವೂ ನೀರು ಚಿಮುಕಿಸಿ ಗಾಳಿಯಾಡದಂತೆ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಮಣ್ಣಿನ ಒಂದು ಮೂಲೆ ತುಸು ತೇವವಾಗಿದ್ದು, ಉಳಿದುದು ಒಣಗಿದ್ದು, ಗಾಳಿ ಆಡುತ್ತಿದ್ದರೆ ಸರಿ. ಜಿರಲೆಗಾಗಿ ಅದೇ ಕೋಣೆಯಲ್ಲಿ ಹೊಡೆಯುವ ಕೀಟನಾಶಕ ಅದನ್ನೂ ಕೊಲ್ಲಬಲ್ಲದು. ಒಂಟಿಯಾಗಿದೆಯಲ್ಲಾ ಎಂದು ಮರುಗಿ ಇನ್ನೊಂದು ಜೇಡವನ್ನು ಜೊತೆಗಿಟ್ಟರೆ ಒಂದು ಇನ್ನೊಂದನ್ನು ತಿಂದುಬಿಡಬಹುದು. ಕೈಯಲ್ಲಿ ಎತ್ತಿಕೊಂಡು ಮುದ್ದಿಸುವುದರಿಂದ ಅದಕ್ಕೆ ಯಾವ ಸುಖವೂ ಇಲ್ಲ, ಜಾರಿ ಬೀಳುವ ಅಪಾಯ ಮಾತ್ರ ಇದೆ.

ಸಾಕುವವನ ತಾಳ್ಮೆಗೆ ನಿಜವಾದ ಪರೀಕ್ಷೆ ಅದು ಪೊರೆ ಕಳಚುವ ಕಾಲದಲ್ಲಿ. ಬೆಳೆಯಲು ಜೇಡ ತನ್ನ ಗಟ್ಟಿ ಹೊರಕವಚವನ್ನು ಬಿಡಲೇಬೇಕು. ಅದಕ್ಕೆ ಮುಂಚೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆಹಾರ ಮುಟ್ಟುವುದಿಲ್ಲ. ಬಳಿಕ ಒಂದು ದಿನ ಅಂಗಾತ ಮಲಗಿಬಿಡುತ್ತದೆ. ತಿಳಿಯದವರು ಸತ್ತಿತೆಂದು ಬಗೆದು ಎತ್ತಲು, ಮಗುಚಲು ಹೋಗುತ್ತಾರೆ. ಆ ಸ್ಪರ್ಶವೇ ಅದಕ್ಕೆ ಮಾರಕವಾಗಬಹುದು. ಹೊಸ ಮೈ ಗಟ್ಟಿಯಾಗುವ ತನಕ, ದೊಡ್ಡ ಜೇಡಕ್ಕೆ ಒಂದೆರಡು ವಾರ, ಜೀವಂತ ಮಿಡತೆಯನ್ನೂ ಒಳಗೆ ಬಿಡಬಾರದು. ಆಹಾರವಾಗಬೇಕಾದ ಮಿಡತೆಯೇ ಮೆದುವಾದ ಜೇಡವನ್ನು ಕಚ್ಚಿ ಗಾಯಗೊಳಿಸಬಹುದು. ನೀರಿಟ್ಟು ಸುಮ್ಮನೆ ಕಾಯುವುದೇ ಅಂದಿನ ಸೇವೆ.

ಗಮನಿಸಿ, ಓದುಗರೇ. ಈ ತಪ್ಪುಗಳಲ್ಲಿ ಯಾವುದೂ ಕ್ರೌರ್ಯದಿಂದ ಹುಟ್ಟಿದುದಲ್ಲ, ಎಲ್ಲವೂ ಅಕ್ಕರೆಯಿಂದ ಹುಟ್ಟಿದವು. ದೊಡ್ಡ ಮನೆ, ಬೆಚ್ಚನೆಯ ದೀಪ, ಜೊತೆಗಾರ, ಸ್ಪರ್ಶ, ಊಟ ಇವೆಲ್ಲ ನಮಗೆ ಹಿತವಾದುವು. ನಮ್ಮ ಹಿತವನ್ನೇ ಅದರ ಹಿತವೆಂದು ಭಾವಿಸಿದುದರಿಂದ ಅಕ್ಕರೆಯೇ ಹಾನಿಯಾಯಿತು.

ತತ್ವಜ್ಞಾನಿಗಳು ಈ ಕುರಿತು ಏನೆಂದರು? ಪ್ರಾಣಿಗಳ ಅಂಗಾಂಗಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅರಿಸ್ಟಾಟಲ್, ಹೀನವೆನಿಸುವ ಜೀವಿಗಳ ಪರಿಶೀಲನೆಗೂ ಮಕ್ಕಳಂತೆ ಅಸಹ್ಯಪಡಬಾರದೆಂದು ಬುದ್ಧಿ ಹೇಳಿದ್ದಾನೆ. ಪ್ರಾಣಿಗಳ ಮೇಲಿನ ಕ್ರೌರ್ಯ ಮನುಷ್ಯರ ಮೇಲಿನ ಕ್ರೌರ್ಯಕ್ಕೆ ದಾರಿಯಾಗುತ್ತದೆಂದು ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಎಚ್ಚರಿಸಿದರು. 18ನೆಯ ಶತಮಾನದ ಕಾಂಟ್ ಕೂಡ ಅದೇ ಜಾಡಿನಲ್ಲಿ ನಡೆದ. ತತ್ವಜ್ಞಾನಿ ಲೈಬ್‌ನಿಟ್ಸ್ ಒಂದು ಪುಟ್ಟ ಹುಳುವನ್ನು ಪರೀಕ್ಷಿಸಿ ನೋಡಿದ ಮೇಲೆ, ಅದನ್ನು ಎಲೆಯ ಸಮೇತ ಮತ್ತೆ ಮರದ ಮೇಲೆ ಇಟ್ಟನೆಂಬ ಪ್ರಸಂಗವನ್ನು ಕಾಂಟ್ ತನ್ನ ಉಪನ್ಯಾಸದಲ್ಲಿ ಹೇಳುತ್ತಿದ್ದ.

ಈ ವಾದದಲ್ಲಿ ಸತ್ಯವಿದೆ, ಆದರೆ ಅದು ಅಪೂರ್ಣ. ಇದರ ಪ್ರಕಾರ ಜೇಡ ನಮ್ಮ ಗುಣವನ್ನು ತಿದ್ದುವ ಸಾಧನವಷ್ಟೇ ಆಗುತ್ತದೆ. ಎತ್ತರದಿಂದ ಬಿದ್ದು ಹೊಟ್ಟೆ ಒಡೆದ ಜೇಡಕ್ಕೆ ಆದ ಕೇಡು ಮೊದಲು ಅದರದೇ ಕೇಡು; ನಮ್ಮ ಸ್ವಭಾವಕ್ಕೆ ಆಗುವ ಕುಂದು ಆಮೇಲಿನ ಮಾತು. ತನಗೇ ಸೇರಿದ ಒಂದು ಒಳಿತು ಆ ಜೀವಿಗಿದೆ. ಲೈಬ್‌ನಿಟ್ಸನ ಹುಳುವಿಗೆ ಬೇಕಾದುದು ಅವನ ಮಮತೆಯಲ್ಲ, ಅದರ ಎಲೆ.

ಹಾಗಾದರೆ ಮೊದಲ ಪ್ರಶ್ನೆಯನ್ನೇ ಕೇಳಬೇಕು: ಅದನ್ನು ಎಲೆಯಿಂದ ಕೀಳುವ ಹಕ್ಕು ನಮಗಿದೆಯೇ? ಮಾರಾಟಕ್ಕಾಗಿ ಕಾಡಿನಿಂದ ಹಿಡಿದು ತಂದುದರಿಂದಲೇ ಮೆಕ್ಸಿಕೋದ ಈ ಜೇಡದ ವ್ಯಾಪಾರಕ್ಕೆ 1985ರಲ್ಲಿ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದ ಕಡಿವಾಣ ಹಾಕಬೇಕಾಯಿತು. ನಮ್ಮ ನೆರೆಯಲ್ಲೂ ಇಂತಹ ಕತೆಯಿದೆ. ಆಂಧ್ರದ ಗುತ್ತಿಯಲ್ಲಿ ಸಿಕ್ಕ ನೀಲಿ ಟರಾಂಟುಲಾವನ್ನು ವಿಜ್ಞಾನಿ ಪೋಕಾಕ್ 1899ರಲ್ಲಿ ವರ್ಣಿಸಿದರು. ಆಮೇಲೆ ನೂರು ವರ್ಷ ಕಾಣದಿದ್ದ ಅದು ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಕಾಡಿನಲ್ಲಿ ಮತ್ತೆ ಕಂಡದ್ದು 2001ರಲ್ಲಿ. ಅಳಿವಿನ ಅಂಚಿನಲ್ಲಿರುವ ಈ ಜೀವಿಯನ್ನು ವಿದೇಶಗಳ ಹವ್ಯಾಸಿಗಳು ಗಾಜಿನ ಪೆಟ್ಟಿಗೆಗಳಲ್ಲಿ ಸಾಕುತ್ತಾರೆ. ಮೈಸೂರಿನ ಹೆಸರು ಹೊತ್ತಿರುವ ಜೇಡವೂ ಸೇರಿ ಆ ಇಡೀ ಕುಲವನ್ನು 2019ರಲ್ಲಿ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. 2022ರ ತಿದ್ದುಪಡಿಯ ಬಳಿಕ ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅಂತಹ ಜೀವಿಗಳನ್ನು ತನ್ನ ವ್ಯಾಪ್ತಿಗೆ ತಂದಿದೆ. ಆ ಪಟ್ಟಿಗಳಲ್ಲಿರುವ ವಿದೇಶೀ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕೆಂಬ ನಿಯಮಗಳು 2024ರಲ್ಲಿ ಬಂದವು. ಆದ್ದರಿಂದ ಮನೆಯ ಮಕ್ಕಳು ಟರಾಂಟುಲಾ ಬೇಕೆಂದು ಕೇಳಿದರೆ ಹೆತ್ತವರು ಮೂರು ಮಾತು ವಿಚಾರಿಸಲಿ. ಅದು ಕಾಡಿನಿಂದ ಕದ್ದುದಲ್ಲವಷ್ಟೇ? ಕಾನೂನು ಅನುಮತಿಸುತ್ತದೆಯೇ? ಇಂದು 12 ವರ್ಷದ ಮಗು ಓದು, ಉದ್ಯೋಗ, ಮದುವೆ ಎಂದು ಮನೆ ಬಿಟ್ಟ ಮೇಲೂ ಅದು ಬದುಕಿರುತ್ತದೆ. ಅಂದು ನೀರಿಡುವವರು ಯಾರು?

ವಶಪಡಿಸಿಕೊಳ್ಳದೆಯೂ ಒಂದು ಜೀವವನ್ನು ಅಕ್ಕರೆಯಿಂದ ಕಾಣಬಹುದು. ಟರಾಂಟುಲಾದ ದೂರದ ಬಂಧುವಾದ, ಬಿಲಕ್ಕೆ ಮುಚ್ಚಳ ಕಟ್ಟಿಕೊಳ್ಳುವ ಜೇಡಗಳನ್ನು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಿಂದ ಗಮನಿಸತೊಡಗಿದರು. ಅವುಗಳಲ್ಲಿ 16ನೆಯ ಸಂಖ್ಯೆಯ ಜೇಡ ತನ್ನದೇ ಬಿಲದಲ್ಲಿ 43 ವರ್ಷ ಬಾಳಿ 2016ರಲ್ಲಿ ಸತ್ತಿತು. ಅಷ್ಟು ಕಾಲ ಅವರು ಮಾಡಿದ್ದು ಹೋಗಿ ನೋಡಿ ಬರುವುದು ಮಾತ್ರ.

ಮನುಷ್ಯ ಜೇಡಕ್ಕೆ ಸಮನಲ್ಲ. ಆದರೂ ಚಿಕ್ಕದರಲ್ಲಿ ಕಲಿತ ಪಾಠ ದೊಡ್ಡದರಲ್ಲಿ ನೆರವಾಗುತ್ತದೆ. ನೆನಪು ಅಳಿದು ಮಗನನ್ನೇ ಗುರುತಿಸದ ತಾಯಿ ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಮಾತು ಬೇಡವಾದ ರೋಗಿಯನ್ನು ಮಾತನಾಡಿಸಿ ದಣಿಸುವವರಿದ್ದಾರೆ, ಒಲ್ಲೆನೆಂದರೂ ತುತ್ತು ತುರುಕುವವರಿದ್ದಾರೆ. ಅಂತಹ ಹಾಸಿಗೆಯ ಬಳಿ ನಿಂತಾಗ ನಾವು ಕೇಳಿಕೊಳ್ಳಬೇಕಾದುದು ಅವರಿಂದ ನನಗೇನು ಮರಳಿ ಬರುತ್ತದೆ ಎಂದಲ್ಲ, ನನಗೇನು ಕೊಡಬೇಕೆನಿಸುತ್ತದೆ ಎಂದೂ ಅಲ್ಲ. ಈ ಹೊತ್ತಿನಲ್ಲಿ ಅವರಿಗೆ ಬೇಕಾದುದು ಏನು ಎಂದು ಮೊದಲು ತಿಳಿದುಕೊಳ್ಳೋಣ. ಒಮ್ಮೊಮ್ಮೆ ಅದು ಒಂದು ಲೋಟ ನೀರು, ತುಸು ಗಾಳಿ, ಸದ್ದಿಲ್ಲದ ಒಂದು ಕೋಣೆ, ಅಷ್ಟೇ ಆಗಿರುತ್ತದೆ.