ವಸೂಲಿ ನಮ್ಮದು, ಮಾತು ಯಾರದು?

ಭಾಲ್ಕಿ ಪುರಸಭೆಯಲ್ಲಿ ಮನೆ ಕರ ಕಟ್ಟಿ ಬಂದವರು ರಸೀದಿಯನ್ನು ಕೊನೆಯ ಸಾಲಿನವರೆಗೂ ಓದಬೇಕು. ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ತೆರಿಗೆ ಸಾವಿರ ರೂಪಾಯಿಯಾದರೆ ಈ ಮೂರೂ ಸೇರಿ 240. ಇವು ಪುರಸಭೆ ಹಾಕಿದ ಕರಗಳಲ್ಲ, ಮೂರು ಬೇರೆ ಬೇರೆ ರಾಜ್ಯ ಕಾಯ್ದೆಗಳಿಂದ ಬಂದವು. ದುಡ್ಡು ಎಣಿಸಿಕೊಳ್ಳುವವರು ಮತ್ತು ಬೈಸಿಕೊಳ್ಳುವವರು ಮಾತ್ರ ಪುರಸಭೆಯವರು.

ರಾಜ್ಯದ ತೆರಿಗೆ ಕ್ರಮಗಳ ಬಗ್ಗೆ ನಗರಸಭೆ, ಪುರಸಭೆಗಳು ಠರಾವು ಮಾಡಬೇಕೇ ಎಂಬ ಪ್ರಶ್ನೆಯನ್ನು ನಾನು ಈ ರಸೀದಿ ಮುಂದಿಟ್ಟುಕೊಂಡೇ ನೋಡುತ್ತೇನೆ. ಬೇಡ ಎನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಜನ ಸದಸ್ಯರನ್ನು ಆರಿಸಿದ್ದು ಚರಂಡಿಗೆ, ನಳದ ನೀರಿಗೆ, ಬೀದಿ ದೀಪಕ್ಕೆ. ತೆರಿಗೆಯ ಮಾತಾಡಲು ಶಾಸಕರಿದ್ದಾರೆ. ಸಾಮಾನ್ಯ ಸಭೆಯಲ್ಲಿ ಬೆಂಗಳೂರಿನ ವಿಷಯ ಎತ್ತಿದರೆ ಎರಡು ಪಕ್ಷದವರ ಕೂಗಾಟದಲ್ಲಿ ವಾರ್ಡಿನ ಕಾಮಗಾರಿ ಪಟ್ಟಿ ಓದದೆಯೇ ಸಭೆ ಮುಗಿದುಹೋದೀತು. ಬೆಳಗಾವಿಯ ನೆನಪೂ ಇದೆ. 2005ರಲ್ಲಿ ಅಲ್ಲಿನ ಪಾಲಿಕೆ ಊರನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಠರಾವು ಮಾಡಿತು, ಸರ್ಕಾರ ಪಾಲಿಕೆಯನ್ನೇ ಸೂಪರ್‌ಸೀಡ್ ಮಾಡಿತು. ಅಂದಿನಿಂದ ಠರಾವು ಎಂದರೆ ಅಧಿಕಾರಿಗಳಿಗೂ ಅಳುಕು.

ಆದರೆ ಗಡಿಯ ವಿಷಯ ಪಾಲಿಕೆಯ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ತೆರಿಗೆ ಇದೆ.

1979ರಲ್ಲಿ ಕರ್ನಾಟಕ ಆಕ್ಟ್ರಾಯ್ ರದ್ದು ಮಾಡಿತು. ಊರ ಅಂಚಿನ ಜಕಾತಿ ನಾಕಾದಲ್ಲಿ ಗಾಡಿ ನಿಲ್ಲಿಸಿ ಹಣ ಕೇಳುವ ಕಿರಿಕಿರಿ ತಪ್ಪಿತು. ಅದು ಹೋಗಬೇಕಾದದ್ದೇ, ತಕರಾರಿಲ್ಲ. ಅದೇ ವರ್ಷ ಬಂದ ಪ್ರವೇಶ ತೆರಿಗೆ ಮಾತ್ರ ರಾಜ್ಯದ ಖಜಾನೆಯದಾಯಿತು. ನಾಕಾದಲ್ಲಿ ತಾನೇ ಎತ್ತುತ್ತಿದ್ದ ಹಣಕ್ಕೆ ಊರು ಬೆಂಗಳೂರಿನ ಅನುದಾನದ ದಾರಿ ಕಾಯತೊಡಗಿತು. 2017ರ ಜುಲೈ 1ರಂದು ಪ್ರವೇಶ ತೆರಿಗೆಯೂ ಜಿಎಸ್‌ಟಿಯಲ್ಲಿ ಕರಗಿತು. ಆಗ ರಾಜ್ಯಗಳು ಐದು ವರ್ಷದ ನಷ್ಟಪರಿಹಾರವನ್ನು ಕಾನೂನಿನಲ್ಲೇ ಬರೆಸಿಕೊಂಡವು. ಪಕ್ಕದ ಮಹಾರಾಷ್ಟ್ರದಲ್ಲಿ ಮುಂಬೈ ಪಾಲಿಕೆ ಆಕ್ಟ್ರಾಯ್ ಬಿಟ್ಟುಕೊಡಬೇಕಾದಾಗ ಸ್ಥಳೀಯ ಸಂಸ್ಥೆಗಳ ಪರಿಹಾರಕ್ಕೆಂದೇ ಅಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಮುಂಬೈಗೆ ಗಟ್ಟಿ ಬಾಯಿ ಇತ್ತು. ಔರಾದಿಗೆ?

ಔರಾದಿನ ಶಾಲಾ ಮಾಸ್ತರರ ಸಂಬಳದ ಚೀಟಿಯಲ್ಲಿ ವೃತ್ತಿ ತೆರಿಗೆ ಎಂದು ತಿಂಗಳಿಗೆ 200 ರೂಪಾಯಿ ಮುರಿದುಕೊಳ್ಳುತ್ತಾರೆ. ಅದು ರಾಜ್ಯಕ್ಕೆ ಹೋಗುತ್ತದೆ. ಕಾಸರಗೋಡಿನಲ್ಲಿ ಕೆಲಸ ಮಾಡುವ ಮಾಸ್ತರರ ವೃತ್ತಿ ತೆರಿಗೆ ಅಲ್ಲಿನ ನಗರಸಭೆಗೇ ಸೇರುತ್ತದೆ, ಏಕೆಂದರೆ ಕೇರಳ, ತಮಿಳುನಾಡುಗಳಲ್ಲಿ ಅದು ಸ್ಥಳೀಯ ಸಂಸ್ಥೆಯ ತೆರಿಗೆ. ನಮಗೂ ಅದರಲ್ಲಿ ಪಾಲು ಕೊಡಿ ಎಂದು ಔರಾದ್ ಪಟ್ಟಣ ಪಂಚಾಯಿತಿ ಠರಾವು ಮಾಡಿದರೆ ಅದು ರಾಜಕೀಯವೇ? ಹೌದು, ಚರಂಡಿಗೆ ದುಡ್ಡು ಹುಡುಕುವ ರಾಜಕೀಯ. ಸಂವಿಧಾನದ 74ನೇ ತಿದ್ದುಪಡಿ ಬಂದ ಮೇಲೂ ಯಾವ ತೆರಿಗೆ ಊರಿಗೆ, ಯಾವುದು ರಾಜ್ಯಕ್ಕೆ ಎಂದು ಹಂಚುವ ಅಧಿಕಾರ ವಿಧಾನಸಭೆಯ ಕೈಯಲ್ಲೇ ಉಳಿದಿದೆ. ತೀರ್ಮಾನದ ಅಧಿಕಾರ ಇಲ್ಲದವರಿಗೆ ಕೇಳುವ ಅಧಿಕಾರವಾದರೂ ಬೇಡವೇ?

ಹಾಗೆಂದು ಎಲ್ಲದಕ್ಕೂ ಠರಾವು ಎಂದರೆ ನಾನು ಒಪ್ಪುವುದಿಲ್ಲ. ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿತು. ಮೂರು ರಾಜ್ಯಗಳ ದರ ತೂಗಿ ನೋಡಿ ಟ್ಯಾಂಕ್ ತುಂಬಿಸುವ ಗಡಿಯ ಲಾರಿಯವರಿಗೆ ಸಿಟ್ಟು ಬಂದರೆ ತಪ್ಪಿಲ್ಲ. ಆ ಸಿಟ್ಟನ್ನು ಬೀದರಿನ ನಗರಾಡಳಿತ ಹೊತ್ತುಕೊಳ್ಳಬೇಕಿಲ್ಲ. ಕಸದ ಗಾಡಿಗೂ ನೀರಿನ ಟ್ಯಾಂಕರಿಗೂ ಇಂಧನ ವೆಚ್ಚ ಇಷ್ಟು ಹೆಚ್ಚಿತು, ಅನುದಾನದಲ್ಲಿ ಸರಿದೂಗಿಸಿ ಎಂದು ಅಂಕಿ ಸಮೇತ ಬರೆದರೆ ಆ ಕಾಗದಕ್ಕೆ ತೂಕವಿದೆ. ಜನವಿರೋಧಿ ಏರಿಕೆಯನ್ನು ಉಗ್ರವಾಗಿ ಖಂಡಿಸುತ್ತೇವೆ ಎಂದು ಬರೆದರೆ ಅದು ಪಕ್ಷದ ಕಚೇರಿಯಲ್ಲಿ ಅಚ್ಚಾದ ಕರಪತ್ರ. ಬೆಂಗಳೂರಿನಲ್ಲಿ ಸರ್ಕಾರ ಬದಲಾದರೂ ಅದೇ ಸದಸ್ಯರು ಅದೇ ಕಾಗದಕ್ಕೆ ಕೈ ಎತ್ತುತ್ತಾರೆಯೇ ಎಂದು ಕೇಳಿದರೆ ಯಾವುದು ಯಾವುದೆಂದು ತಿಳಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ತೆರಿಗೆ ಪ್ರಸ್ತಾಪಗಳು ಜನಮತಕ್ಕೆ ಬಂದಾಗ ನಗರಸಭೆಗಳು ಪರ ಅಥವಾ ವಿರೋಧ ನಿಲುವು ತಳೆಯುವುದುಂಟು. ಸಾರ್ವಜನಿಕ ಹಣದಲ್ಲಿ ಮಾಹಿತಿ ಕೊಡಬಹುದು, ಪ್ರಚಾರ ಮಾಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲೇ ಗೆರೆ ಎಳೆದಿದೆ. ಆ ಗೆರೆ ನಮಗೂ ಸಾಕು.

ಇನ್ನೊಂದು ತೊಡಕಿದೆ, ಅದು ನಮ್ಮವರದೇ. ಜನರಿಂದ ಎತ್ತಿದ ಗ್ರಂಥಾಲಯ ಕರವನ್ನು ಇಲಾಖೆಗೆ ಕಟ್ಟದೆ ಬಾಕಿ ಉಳಿಸಿಕೊಳ್ಳುವ ಸ್ಥಳೀಯ ಸಂಸ್ಥೆಗಳ ಮೇಲೆ ರಾಜ್ಯದಲ್ಲಿ ಹಳೆಯ ದೂರಿದೆ. ಅಂಥ ಸಂಸ್ಥೆಯೊಂದು ತೆರಿಗೆಯಲ್ಲಿ ನ್ಯಾಯ ಕೇಳಿ ಠರಾವು ಕಳಿಸಿದರೆ, ಬೆಂಗಳೂರಿನ ಗುಮಾಸ್ತರು ಅದನ್ನು ಓದುವ ಮೊದಲು ಬಾಕಿ ಪಟ್ಟಿ ತೆಗೆಯುತ್ತಾರೆ. ತೆಗೆಯಲೂ ಬೇಕು.