ಯಾರ ಮುಂದೆ ತಲೆ ತಗ್ಗಿಸಬೇಕು?

ಜೈಲಿನೊಳಗೆ ಒಂದೇ ಸಮುದಾಯದವರು ಕೂಡಿ ತಮ್ಮ ದೇವರನ್ನು ನೆನೆಯುವುದು, ತಮ್ಮ ಮಾತಿನಲ್ಲಿ ಹಾಡಿಕೊಳ್ಳುವುದು ಕೈದಿಗಳಿಗೆ ತೋರಿಸುವ ರಿಯಾಯಿತಿ ಎಂದು ಹಲವರ ಎಣಿಕೆ. ನನ್ನ ಪ್ರಕಾರ ಅದಿಲ್ಲದೆ ಶಿಕ್ಷೆಗೆ ಅರ್ಥವೇ ಬರುವುದಿಲ್ಲ. ಹೂವಿನ ಹಿಪ್ಪರಗಿಯಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳದವರೆಗೆ ಹರಡಿರುವ ಲಂಬಾಣಿ ತಾಂಡಾಗಳನ್ನೇ ನೋಡಿ. ತಪ್ಪು ಮಾಡಿದವನನ್ನು ನಾಯಕ, ಕಾರಭಾರಿ, ಹಿರಿಯರು ನಸಾಬ್ ಎಂಬ ತಾಂಡಾದ ನ್ಯಾಯಕೂಟದಲ್ಲಿ ಎದುರಿಗೆ ಕೂಡಿಸಿಕೊಂಡು ವಿಚಾರಿಸುವುದು ಅಲ್ಲಿಯ ಪದ್ಧತಿ. ದಂಡ ತೆತ್ತವನು ಮರುದಿನ ಅವರ ನಡುವೆಯೇ ಬಾಳಬೇಕು. ಆ ನ್ಯಾಯದಲ್ಲೂ ಕೊರತೆಗಳಿವೆ, ಹೆಣ್ಣುಮಕ್ಕಳಿಗೆ ಅಲ್ಲಿ ದನಿ ಕಡಿಮೆ. ಆದರೂ ನಾಚಿಕೆ ಹುಟ್ಟುವುದು ಗುರುತಿನವರ ಎದುರಿಗೇ ಎಂಬ ಅರಿವು ಅದರಲ್ಲಿದೆ. ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗುಳೆ ಹೋದಲ್ಲಿ ಸಿಕ್ಕಿಬಿದ್ದು, ತನ್ನ ಮನೆಮಾತು ಗೋರಬೋಲಿ ಬಲ್ಲವರು ಒಬ್ಬರೂ ಇಲ್ಲದ ಬ್ಯಾರಕ್ಕಿನಲ್ಲಿ ವರ್ಷ ಕಳೆಯುವವನು ತನ್ನ ತಪ್ಪನ್ನು ಯಾರಿಗೆ, ಯಾವ ಮಾತಿನಲ್ಲಿ ಹೇಳಿಕೊಂಡಾನು?

ಹೀಗೆ ಸಮುದಾಯದವರು ಕೂಡುವುದು ಜಾತಿಯನ್ನು ಮತ್ತೆ ಜೈಲಿಗೆ ತಂದಂತಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಅಡುಗೆ ಒಂದು ಜಾತಿಗೆ, ಕಸಬರಿಗೆ ಇನ್ನೊಂದಕ್ಕೆ ಎನ್ನುತ್ತಿದ್ದ ಕಾರಾಗೃಹ ನಿಯಮಗಳನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಕೈದಿಗಳ ರಿಜಿಸ್ಟರಿನಲ್ಲಿದ್ದ ಜಾತಿಯ ಕಲಮನ್ನೂ ಅಂದೇ ತೆಗೆಸಿತು. ತೆಗೆಯಲೇಬೇಕಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟನ್ನೇ ಗುನ್ನೆ ಮಾಡಿತ್ತು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳೆದ್ದವು, ಹರಣಶಿಕಾರಿಗಳಂಥವರು ಅಲ್ಲಿ ಹಾಜರಿ ಹೇಳಬೇಕಾಯಿತು. 1952ರಲ್ಲಿ ಆ ಕಾಯ್ದೆ ಹೋದರೂ ಸಂಶಯ ಹೋಗಲಿಲ್ಲ. ಆದರೆ ಜೈಲರು ಬರೆದ ಕಲಮಿಗೂ ಕೈದಿ ತಾನಾಗಿ ಎತ್ತಿದ ಹಾಡಿಗೂ ಬಹಳ ಅಂತರ. ಕಲಮು ಅವನನ್ನು ಒಂದು ಕೆಲಸಕ್ಕೆ, ಒಂದು ಮೂಲೆಗೆ ಕಟ್ಟಿಹಾಕಿತು. ಹಾಡಿಗೆ ಬರುವವನು ಬಾರದೆಯೂ ಇರಬಹುದು, ಹೊರಗಿನವನೂ ಬಂದು ಕೂಡಬಹುದು. ಈ ಎರಡು ಬಾಗಿಲು ತೆರೆದಿರುವತನಕ ಅದು ಜಾತಿಯ ಕೂಟವಾಗದು. ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 5ರಷ್ಟಿದ್ದು, ಒಕ್ಕೂಟ ಸರ್ಕಾರದ ಜೈಲುಗಳಲ್ಲಿ ನೂರಕ್ಕೆ 30ಕ್ಕೂ ಹೆಚ್ಚಿರುವ ಕೆನಡಾದ ಮೂಲನಿವಾಸಿಗಳು ಜೈಲಿನಲ್ಲೇ ತಮ್ಮ ಬಳಗ ಕಟ್ಟಿಕೊಂಡು, ಹಿರಿಯರನ್ನು ಒಳಗೆ ಕರೆಸಿಕೊಂಡದ್ದು ಹೀಗೆಯೇ. ನಮ್ಮಲ್ಲಿ ರಂಗಕರ್ಮಿ ಹುಲಗಪ್ಪ ಕಟ್ಟೀಮನಿಯವರ ಸಂಕಲ್ಪ ತಂಡದೊಡನೆ ಮೈಸೂರಿನ ಕೈದಿಗಳು 'ತಲೆದಂಡ' ನಾಟಕ ಆಡಿದರಲ್ಲ, ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಲ್ಯಾಣವನ್ನು ಹಲವು ಜಾತಿಯ ಕೈದಿಗಳು ಕೂಡಿ ಕಟ್ಟಿದ ಆ ಬಳಗಕ್ಕೆ ಹುಟ್ಟಿನ ಹಂಗೇ ಇರಲಿಲ್ಲ.

ಹಾಗಾದರೆ ಪೆಟ್ಟು ತಿಂದವರ ಗತಿಯೇನು, ತಮ್ಮವರು ತಮ್ಮವನನ್ನು ಮುಚ್ಚಿಕೊಳ್ಳುವುದಿಲ್ಲವೇ? ಮುಚ್ಚಿಕೊಳ್ಳುವ ಬಳಗಗಳು ಖಂಡಿತ ಇವೆ. ಅದಕ್ಕೇ ಹೇಳುತ್ತಿದ್ದೇನೆ, ಒಳಗೆ ಬರಬೇಕಾದವರು ಗದರಿಸಬಲ್ಲ ಹಿರಿಯರು. ತಮ್ಮ ಸಂತ ಸೇವಾಲಾಲರ ಹೆಸರಿನಲ್ಲಿ ಕೆಂಡದ ಮೇಲೆ ತುಪ್ಪ, ಸಿಹಿ ಸುರಿದು ಭೋಗ್ ಕೊಟ್ಟು, ಕೈಮುಗಿದು ಅರದಾಸವೆಂಬ ಪ್ರಾರ್ಥನೆ ಮಾಡುವಾಗ ಲಂಬಾಣಿಗರು ಕೀಟಕ್ಕೂ ಇರುವೆಗೂ ಒಳಿತು ಬೇಡುತ್ತಾರೆ. ಇರುವೆಯನ್ನೂ ಬಿಡದ ಆ ಬೇಡಿಕೆಯಲ್ಲಿ, ತಾನು ಹೊಡೆದವನ ಮನೆಯವರ ಹೆಸರು ಬಂದಾಗ ಕೈದಿಯ ದನಿ ಎಲ್ಲಿ ತಡೆಯುತ್ತದೆ ಎಂಬುದು ಪಕ್ಕದಲ್ಲಿ ಕೂತ ಹಿರಿಯನಿಗೆ ಕೇಳಿಸುತ್ತದೆ.